ಓಟು ಬೇರೆ, ಪಂಕ್ತಿ ಒಂದೇ: ರಾಜಕೀಯ ಜಗಳದ ನಡುವೆ ಕ್ರೈಸ್ತರು ಪ್ರೀತಿ ಉಳಿಸಿಕೊಳ್ಳುವ ಬಗೆ

2023ರ ಮೇ 13, ಶನಿವಾರ, ವಿಧಾನಸಭೆ ಚುನಾವಣೆಯ ಫಲಿತಾಂಶ ಬಂತು. ಮರುದಿನ ರವಿವಾರ ನಮ್ಮ ಸಭೆಯಲ್ಲಿ ಕರ್ತನ ಭೋಜನವಿತ್ತು. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚುಗಳ ಆರಾಧನೆ ಕಂಡವರಿಗೆ ಗೊತ್ತು, ರೊಟ್ಟಿ ಮತ್ತು ದ್ರಾಕ್ಷಾರಸದ ಮುಂಚೆ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಸಭಾಪಾಲಕರ ಕೈಯಿಂದ ಹೊರಟದ್ದು ಸಾಲುಸಾಲಾಗಿ ಕೊನೆಯ ಬೆಂಚಿನವರೆಗೂ ಬರುತ್ತದೆ. ಅಂದು ನನ್ನ ಮುಂದಿನ ಬೆಂಚಿನಲ್ಲಿ ನನ್ನ ಕಾಕಾ ಕೂತಿದ್ದರು. ಹಿಂದೆ ತಿರುಗಿ ಕೈ ಚಾಚಿದರು. ನಾನು ಸಂಗೀತ ಪುಸ್ತಕದ ಹಾಳೆ ಮಗುಚುತ್ತ ನೋಡದವಳ ಹಾಗೆ ನಿಂತೆ. ಆ ಕೈ ಒಂದಿಷ್ಟು ಹೊತ್ತು ಹಾಗೇ ಇತ್ತು. ಆಮೇಲೆ ಪಕ್ಕದ ಹುಡುಗನ ಕಡೆ ಹೋಯಿತು.

ಅದಕ್ಕೆ ನಾಲ್ಕು ದಿನ ಮುಂಚೆ, ಮತದಾನದ ದಿನ, ಕಾಕಾ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಶಾಯಿ ಹಚ್ಚಿದ ಬೆರಳಿನ ಫೋಟೋ ಹಾಕಿ, ಯಾವ ಪಕ್ಷಕ್ಕೆ ಓಟು ಹಾಕಿದೆನೆಂದೂ ಬರೆದಿದ್ದರು. ಅದರ ಕೆಳಗೆ ನಾನು ಬರೆದ ಸಾಲು ಇದು: ‘ಇಂಥವರಿಗೆ ಓಟು ಹಾಕಿ ಯಾವ ಮುಖ ಇಟ್ಕೊಂಡು ಚರ್ಚಿಗೆ ಬರ್ತೀರಿ ಕಾಕಾ?’ ಗುಂಪಿನಲ್ಲಿ ಅವರ ಮೊಮ್ಮಕ್ಕಳೂ ಇದ್ದರು. ಯಾವ ಪಕ್ಷ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಆ ಕ್ಷಣವೇ ನಮ್ಮಿಬ್ಬರಲ್ಲಿ ಒಬ್ಬರ ಕಡೆ ಸೇರಿಕೊಳ್ಳುತ್ತಾರೆ, ಮುಂದಿನದು ಕಿವಿಗೆ ಬೀಳುವುದಿಲ್ಲ.

ಆ ಒಂದು ಸಾಲನ್ನು ಹಿಂದಕ್ಕೆ ಪಡೆಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಆ ದಾರಿಯಲ್ಲಿ ಕಲಿತದ್ದನ್ನು ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ. ಲೋಕಸಭೆ, ವಿಧಾನಸಭೆಯ ಜಗಳಕ್ಕಷ್ಟೇ ಅಲ್ಲ, ಗ್ರಾಮ ಪಂಚಾಯಿತಿ ಚುನಾವಣೆಗೂ ಇದು ಬೇಕಾಗುತ್ತದೆ. ಅಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಆದರೆ ಎದುರು ನಿಂತವರು ನಮ್ಮ ಓಣಿಯವರೇ ಆಗಿರುತ್ತಾರೆ.

ಮೊದಲ ಹೆಜ್ಜೆ: ವಿಷಯವನ್ನು ತೂಗಿ, ಮನುಷ್ಯನ ಮೇಲೆ ತೀರ್ಪು ಬರೆಯಬೇಡಿ

ತೀರ್ಪು ಮಾಡಬೇಡಿ ಎಂಬ ಯೇಸುಸ್ವಾಮಿಯ ಮಾತನ್ನು ನಾವು ಎರಡು ರೀತಿಯಲ್ಲಿ ಕೆಡಿಸಿಕೊಂಡಿದ್ದೇವೆ. ಕೆಲವರಿಗೆ ಅದು ಬಾಯಿ ಮುಚ್ಚಿಸುವ ಉಪಾಯ. ಅನ್ಯಾಯವನ್ನು ಅನ್ಯಾಯ ಎಂದ ತಕ್ಷಣ ‘ನೀವು ತೀರ್ಪು ಮಾಡ್ತಿದೀರಿ’ ಅಂದುಬಿಡುತ್ತಾರೆ. ಉಳಿದವರು ಆ ಮಾತನ್ನು ಕೇಳಿಯೇ ಇಲ್ಲ ಎಂಬಂತೆ ನಡೆಯುತ್ತಾರೆ. ಮತ್ತಾಯನ ಸುವಾರ್ತೆಯ 7ನೇ ಅಧ್ಯಾಯವನ್ನು ಪೂರ್ತಿ ಓದಿದರೆ ಎರಡೂ ನಿಲ್ಲುವುದಿಲ್ಲ. ತೀರ್ಪು ಬೇಡ ಎಂದವರೇ ಅಲ್ಲಿ ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಮೇಲೆ ಸಹೋದರನ ಕಣ್ಣಿನ ರವೆ ತೆಗೆಯಲು ನಿನಗೆ ಚೆನ್ನಾಗಿ ಕಾಣುತ್ತದೆ ಎನ್ನುತ್ತಾರೆ. ರವೆಯನ್ನು ಬಿಟ್ಟುಬಿಡು ಎಂದು ಹೇಳಲಿಲ್ಲ. ಅದೇ ಅಧ್ಯಾಯದಲ್ಲಿ ಸುಳ್ಳು ಪ್ರವಾದಿಗಳನ್ನು ಅವರ ಫಲದಿಂದ ಗುರುತಿಸಿ ಎಂದೂ ಹೇಳುತ್ತಾರೆ. ಹಾಗಾದರೆ ಕಣ್ಣು ತೆರೆದಿರಬೇಕು. ಒಬ್ಬನ ಆತ್ಮದ ಕಡತದ ಮೇಲೆ ಷರಾ ಬರೆಯುವ ಕೆಲಸ ನಮ್ಮದಲ್ಲ, ಅಷ್ಟೇ.

ಇದನ್ನು ನಿತ್ಯದ ಮಾತಿಗೆ ತರಲು ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಬರೆದ ಸಾಲನ್ನು ಕಳಿಸುವ ಮುಂಚೆ ಅದರ ಕರ್ತೃಪದ ಯಾವುದು ಎಂದು ನೋಡುತ್ತೇನೆ. ‘ಈ ಕಾಯ್ದೆ ಬಡ ಪಾಸ್ಟರುಗಳಿಗೆ ತೊಂದರೆ ಕೊಡುತ್ತದೆ’ ಎಂಬ ಸಾಲಿನಲ್ಲಿ ಕರ್ತೃ ಕಾಯ್ದೆ. ಅದರ ಮೇಲೆ ವಾದ ಮಾಡಬಹುದು, ಯಾರಾದರೊಬ್ಬರು ತಪ್ಪೆಂದು ತೋರಿಸಲೂಬಹುದು. ‘ಇವರಿಗೆ ಓಟು ಹಾಕುವವರು ಕ್ರೈಸ್ತರೇ ಅಲ್ಲ’ ಎಂಬುದರಲ್ಲಿ ಕರ್ತೃ ಎದುರಿಗಿರುವ ಮನುಷ್ಯ. ಅದಕ್ಕೆ ಆತ ಏನು ಉತ್ತರ ಕೊಡಬೇಕು? ದೀಕ್ಷಾಸ್ನಾನದ ಸರ್ಟಿಫಿಕೇಟು ತರಬೇಕೇ? ಅಂಥ ಸಾಲು ಮಾತನ್ನು ಮುಂದುವರಿಸುವುದಿಲ್ಲ, ಮುಗಿಸುತ್ತದೆ.

ಇನ್ನು ಅಡ್ಡಹೆಸರುಗಳು. ಕನ್ನಡದ ಸಾಮಾಜಿಕ ಜಾಲತಾಣದಲ್ಲಿ ‘ಅಂಧಭಕ್ತ’, ‘ಗುಲಾಮ’, ‘ಗಂಜಿ ಗಿರಾಕಿ’ ಎಂಬ ಮೂರು ಪದಗಳು ಎಷ್ಟು ಸಲೀಸಾಗಿ ಓಡಾಡುತ್ತವೆ ಎಂದರೆ ಅವು ಬೈಗುಳ ಎಂಬುದೇ ಮರೆತುಹೋಗಿದೆ. ಸಭೆಯೊಳಗೆ ಇವುಗಳ ಜೊತೆ ನಮ್ಮದೇ ಒಂದು ಪದ ಸೇರುತ್ತದೆ: ‘ಯೂದ’, ಯೇಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರು. ಬೇರೆ ಪಕ್ಷಕ್ಕೆ ಹೋದ ಕ್ರೈಸ್ತನನ್ನು ಹಾಗೆ ಕರೆದದ್ದನ್ನು ನಾನೇ ಕೇಳಿದ್ದೇನೆ. ಯೇಸುಸ್ವಾಮಿ ನಿಜವಾದ ಯೂದನಿಗೆ ಆ ಕೊನೆಯ ರಾತ್ರಿ ಏನು ಮಾಡಿದರು? ರೊಟ್ಟಿಯ ತುಂಡನ್ನು ಅದ್ದಿ ಕೈಗೆ ಕೊಟ್ಟರು. ಈ ನಾಲ್ಕು ಪದಗಳನ್ನು ಇಂದೇ ಬಿಟ್ಟುಬಿಡಿ. ಬಿಟ್ಟರೆ ನಿಮ್ಮ ವಾದದ ತೂಕ ಒಂದು ಗುಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ಎರಡನೆಯದು: ಯಾಕೆ ಎಂದು ಕೇಳುವ ಮುಂಚೆ ಕೇಳುವ ಬಗೆ ಕಲಿಯಿರಿ

ಈ ಹೆಜ್ಜೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಾನು ಸೋತದ್ದು ಇಲ್ಲಿ.

ನಾಲ್ಕು ತಿಂಗಳ ಮೇಲೆ ಕಾಕಾನ ಮನೆಗೆ ಹೋದಾಗ ಅವರು ಅಂದ ಮೊದಲ ಮಾತು: ‘ನೀ ಹೇಳಿದ್ದು ಖರೆ ಇರಬಹುದು ತಂಗಿ. ಆದ್ರ ನಾ ಯಾಕ ಹಂಗ ಓಟ ಹಾಕಿದೆ ಅಂತ ನೀ ಒಮ್ಮೆನೂ ಕೇಳಲಿಲ್ಲ.’ ಕೇಳಿದೆ. ಕಾಕಿ ತೀರಿಕೊಂಡದ್ದು ಮಳೆಗಾಲದಲ್ಲಿ. ಸಿಮೆಟ್ರಿಗೆ ಹೋಗುವ ದಾರಿ ಕೆಸರಿನಲ್ಲಿ ಹುಗಿದುಹೋಗಿತ್ತು, ಪೆಟ್ಟಿಗೆ ಹೊತ್ತವರು ಎರಡು ಸಲ ಜಾರಿದ್ದರು. ಮಾರನೆಯ ವಾರ ಆ ಅಭ್ಯರ್ಥಿ, ಆಗ ಇನ್ನೂ ಯಾವ ಹುದ್ದೆಯೂ ಇಲ್ಲದವನು, ತಾನೇ ನಿಂತು ದಾರಿಗೆ ಮುರಂ ಹಾಕಿಸಿದ. ‘ನಮ್ಮವರು ಅನ್ನಿಸಿಕೊಂಡವರು ಯಾರೂ ಬರಲಿಲ್ಲ’ ಅಂದರು ಕಾಕಾ. ಆ ಸಾವಿನಲ್ಲಿ ನಾನೂ ಇದ್ದೆ. ಕೆಸರೂ ನೆನಪಿತ್ತು. ಮುರಂ ಹಾಕಿಸಿದ್ದು ಯಾರೆಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಇಷ್ಟು ಕೇಳಿದ ಮೇಲೂ ಅವರ ಓಟು ತಪ್ಪು ಎಂಬ ನನ್ನ ಅಭಿಪ್ರಾಯ ಬದಲಾಗಲಿಲ್ಲ. ಒಂದು ದಾರಿಯ ಋಣಕ್ಕೆ ಇಡೀ ರಾಜ್ಯದ ಹೊಣೆ ಒಪ್ಪಿಸಬಾರದು ಎಂದೇ ಇಂದಿಗೂ ಅನ್ನುತ್ತೇನೆ, ಅವರ ಎದುರೇ ಅನ್ನುತ್ತೇನೆ. ಆದರೆ ‘ಯಾವ ಮುಖ ಇಟ್ಕೊಂಡು’ ಎಂದು ಕೇಳಿದ್ದೆನಲ್ಲ, ಆ ಮುಖ ಹೆಂಡತಿಯ ಪೆಟ್ಟಿಗೆ ಜಾರಿದ್ದನ್ನು ನೋಡಿದ ಮುಖವಾಗಿತ್ತು.

ಕೇಳುವಾಗ ‘ಯಾಕ್ ಹಾಕಿದ್ರಿ?’ ಎಂದು ಶುರು ಮಾಡಬೇಡಿ. ನಮ್ಮ ಮಾತಿನಲ್ಲಿ ‘ಯಾಕೆ’ ಎಂಬುದು ತಡವಾಗಿ ಮನೆಗೆ ಬಂದ ಮಗನಿಗೆ ಕೇಳುವ ಪ್ರಶ್ನೆ, ಅದರಲ್ಲೇ ಆರೋಪ ಇರುತ್ತದೆ. ಅದರ ಬದಲು ನನಗೆ ಉಪಯೋಗಕ್ಕೆ ಬಂದ ಮೂರು ಪ್ರಶ್ನೆ ಹೇಳುತ್ತೇನೆ. ‘ಈ ಸಲ ನಿಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಯಾವುದು?’ ಇದಕ್ಕೆ ಬರುವ ಉತ್ತರ ಬಹುಪಾಲು ಊರಿನದು: ನೀರು, ರಸ್ತೆ, ರೇಷನ್ನು, ಮಗನ ಕೆಲಸ. ‘ಆ ಕಡೆಯವರು ಗೆದ್ದರೆ ಏನಾದೀತು ಅಂತ ಹೆದರಿಕೆ?’ ಇದರ ಉತ್ತರದಲ್ಲಿ ಮನುಷ್ಯ ಕಾಣಿಸುತ್ತಾನೆ. ಮೂರನೆಯದು ನನಗೆ ಬಹಳ ಇಷ್ಟದ್ದು: ‘ನೀವು ಓಟು ಹಾಕಿದ ಪಕ್ಷದಲ್ಲೇ ನಿಮಗೆ ಹಿಡಿಸದ್ದು ಏನು?’ ಇದನ್ನು ಕೇಳಿದಾಗ ಎದುರಿನವರು ವಕೀಲರಾಗಿದ್ದವರು ಸಾಕ್ಷಿಯಾಗುತ್ತಾರೆ. ಕಾಕಾ ಹತ್ತು ನಿಮಿಷ ಹೇಳಿದರು, ನಾನು ಅವರ ಪಕ್ಷದ ಮೇಲೆ ಹೊರಿಸುತ್ತಿದ್ದ ಆರೋಪಗಳಲ್ಲಿ ಅರ್ಧ ಅವರ ಬಾಯಿಂದಲೇ ಬಂತು. ಆಮೇಲೆ ನನ್ನನ್ನೂ ಅದೇ ಕೇಳಿದರು. ನಾನೂ ಹೇಳಬೇಕಾಯಿತು. ಅದಕ್ಕೆ ಸಿದ್ಧರಿಲ್ಲದಿದ್ದರೆ ಆ ಪ್ರಶ್ನೆ ಕೇಳಬೇಡಿ.

‘ನಮ್ಮ ಸಮಾಜ ಎಲ್ಲ ಒಂದೇ ಕಡೆ ನಿಲ್ಲಬೇಕು’ ಎಂಬ ಒತ್ತಾಯವನ್ನು ಬಹಳ ಸಲ ಕೇಳುತ್ತೇವೆ. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇ. 1.87, ಅಂದರೆ ಸುಮಾರು 11.4 ಲಕ್ಷ. ಚಿಕ್ಕ ಸಮಾಜವಾದ್ದರಿಂದ ಒಗ್ಗಟ್ಟಿನ ಆಸೆ ಸಹಜ. ಆದರೆ ಈ 1.87ರೊಳಗೆ ಯಾರೆಲ್ಲ ಇದ್ದಾರೆ ನೋಡಿ. ಮಂಗಳೂರಿನ ಕೊಂಕಣಿ ಕಥೋಲಿಕರು, ಬಾಸೆಲ್ ಮಿಷನ್ನಿನ ಕಾಲದಿಂದ ಬಂದ ಧಾರವಾಡ, ಹುಬ್ಬಳ್ಳಿ, ಗದಗ ಬೆಟಗೇರಿಯ ಮನೆತನಗಳು, ಬೀದರಿನ ಮೆಥೋಡಿಸ್ಟರು, ಕೋಲಾರದ ಗಣಿಗೆ ಬಂದು ನೆಲೆಸಿದ ತಮಿಳರ ಮಕ್ಕಳು, ಬೆಂಗಳೂರಿನ ಮಲಯಾಳಿಗಳು, ಬಾಡಿಗೆ ಹಾಲಿನಲ್ಲಿ ಕೂಡುವ ಪೆಂಟಕೋಸ್ತ್ ಸಭೆಗಳು. ಮೀಸಲಾತಿಯನ್ನೇ ತೆಗೆದುಕೊಳ್ಳಿ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು 3ಬಿಯಲ್ಲಿ ಬರುತ್ತಾರೆ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನವೇ ಇಲ್ಲ. ಅದೇ ಆದೇಶ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬನಿಗೆ ಇದು ಪತ್ರಿಕೆಯ ಸುದ್ದಿ, ಇನ್ನೊಬ್ಬನಿಗೆ ಮಗಳ ಕಾಲೇಜು ಸೀಟು. ಇಬ್ಬರೂ ಒಂದೇ ಓಟು ಹಾಕಲಿಲ್ಲವೆಂದು ಒಬ್ಬನ ವಿಶ್ವಾಸವನ್ನೇ ಸಂಶಯಿಸುವುದು ಯಾವ ನ್ಯಾಯ?

ಯೇಸುಸ್ವಾಮಿಯ ಹನ್ನೆರಡು ಮಂದಿ ಶಿಷ್ಯರಲ್ಲಿ ಮತ್ತಾಯನಿದ್ದ, ರೋಮಿನ ಆಡಳಿತದ ಕೆಳಗೆ ಸುಂಕ ಎತ್ತಿದವನು. ಜೆಲೋತನೆಂದು ಕರೆಸಿಕೊಂಡ ಸೀಮೋನನೂ ಇದ್ದ, ಆ ಹೆಸರಿನಲ್ಲೇ ಪರಕೀಯರ ವಿರುದ್ಧ ಕುದಿಯುವ ಅಭಿಮಾನದ ವಾಸನೆ ಇದೆ. ಅವರಿಬ್ಬರ ನಡುವೆ ಏನು ಮಾತು ನಡೆಯಿತೆಂದು ಸುವಾರ್ತೆಗಳು ಹೇಳುವುದಿಲ್ಲ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಂತೂ ಹೌದು. ಮತ್ತಾಯ ಸುಂಕದ ಕಟ್ಟೆಯನ್ನು ಬಿಟ್ಟೇ ಬಂದ ಎಂಬುದನ್ನೂ ಮರೆಯಬಾರದು.

ಮೂರನೆಯದು: ಫೋನು ಕೈಯಲ್ಲಿದ್ದಾಗ

ನನ್ನ ಅನುಭವದಲ್ಲಿ ಮನೆಗಳು ಒಡೆಯುವುದು ಭಾಷಣದಿಂದಲ್ಲ, ರಾತ್ರಿ ಹತ್ತರ ಮೇಲೆ ಬರೆದ ಎರಡು ಸಾಲಿನಿಂದ. ಅದಕ್ಕೆ ನಾನು ಪಾಲಿಸುವ ಕಟ್ಟುಪಾಡು ಇಷ್ಟು.

ಫಾರ್ವರ್ಡ್ ಆಗಿ ಬಂದ ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಎಷ್ಟೋ ಕೈ ದಾಟಿ ಬಂದದ್ದು ಎಂದರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸುವ ಹಾಗೆ ವಾಟ್ಸಾಪ್ 2020ರಿಂದ ಕಡಿವಾಣ ಹಾಕಿದೆ. ನಾನು ಅದನ್ನು ಆ ಒಂದು ಚಾಟಿಗೂ ಕಳಿಸುವುದಿಲ್ಲ. ನನ್ನ ಪಕ್ಷಕ್ಕೆ ಅನುಕೂಲವಾದದ್ದನ್ನಂತೂ ಮೊದಲು ಸಂಶಯಿಸುತ್ತೇನೆ, ನನಗೆ ಸಿಹಿಯಾದ ಸುಳ್ಳನ್ನೇ ನಾನು ಬೇಗ ನುಂಗುವುದು. ಎದುರು ಪಕ್ಷದ ನಾಯಕನ ಬಗ್ಗೆ ಸುಳ್ಳು ಹರಡಿದರೂ ಅದು ಸುಳ್ಳು ಸಾಕ್ಷಿಯೇ. ಹತ್ತು ಆಜ್ಞೆಗಳಲ್ಲಿ ಅದಕ್ಕೆ ಚುನಾವಣಾ ಕಾಲದ ರಿಯಾಯಿತಿ ಇಲ್ಲ.

ಯಾರಾದರೂ ಗುಂಪಿನಲ್ಲಿ ಸುಳ್ಳು ಸುದ್ದಿ ಹಾಕಿದರೆ? ಸಹೋದರ ತಪ್ಪು ಮಾಡಿದರೆ ನೀನೂ ಅವನೂ ಇಬ್ಬರೇ ಇರುವಾಗ ಹೇಳು ಎಂಬ ಕ್ರಮ ಮತ್ತಾಯನ 18ನೇ ಅಧ್ಯಾಯದಲ್ಲಿದೆ, ಮೊದಲು ಅದು. ಫೋನು ಮಾಡಿ, ಬರೆಯಬೇಡಿ. ‘ಮಾಮಾ, ನೀವು ಹಾಕಿದ ಆ ವಿಡಿಯೋ ಬೇರೆ ಊರಿನದು, ಹಳೇದು. ಬೇಕಾದ್ರೆ ನೀವೇ ತೆಗೆದುಬಿಡಿ, ನಾನು ಯಾರಿಗೂ ಹೇಳೋದಿಲ್ಲ.’ ಬಹಳ ಜನ ತೆಗೆಯುತ್ತಾರೆ. ನಾಲ್ಕು ಜನರ ಎದುರು ತಿದ್ದಿದರೆ ಹಠ ಹಿಡಿಯುತ್ತಾರೆ, ನಾವೂ ಹಾಗೇ ಮಾಡುತ್ತೇವೆ. ಆ ಸುಳ್ಳಿನಿಂದ ಯಾರಿಗಾದರೂ ಪೆಟ್ಟು ಬೀಳುವ ಹಾಗಿದ್ದರೆ ಮಾತ್ರ ಕಾಯಬಾರದು. ಕೂಡಲೇ ಗುಂಪಿನಲ್ಲೇ, ಹೆಸರು ಹಿಡಿಯದೆ, ಇದು ಸುಳ್ಳು ಎಂದು ಬರೆಯಿರಿ.

ಸಿಟ್ಟಿನಲ್ಲಿ ಬರೆದದ್ದನ್ನು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಓದಿ. ಯಾಕೋಬನು ಕಿವಿಗೊಡುವುದರಲ್ಲಿ ತೀವ್ರವಾಗಿರಿ, ಮಾತಿನಲ್ಲೂ ಕೋಪದಲ್ಲೂ ನಿಧಾನವಾಗಿರಿ ಎಂದು ಬರೆದಿದ್ದಾನೆ. ನಾನು ಆ ಕ್ರಮವನ್ನು ತಲೆಕೆಳಗು ಮಾಡಿದ್ದೆ.

ಗುಂಪಿನ ಅಡ್ಮಿನ್ ಆಗಿದ್ದರೆ ಚುನಾವಣೆ ಘೋಷಣೆಯಾದ ದಿನವೇ ಒಂದು ನಿಯಮ ಬರೆದು ಮೇಲೆ ಪಿನ್ ಮಾಡಿ. ಜಗಳ ಹೊತ್ತಿಕೊಂಡ ಮೇಲೆ ನಿಯಮ ತಂದರೆ ಅದು ಒಬ್ಬರ ಮೇಲೆ ತಂದಂತೆ ಕಾಣುತ್ತದೆ.

ನಾಲ್ಕನೆಯದು: ಗಾಯ ನಿಜವಾದದ್ದಾಗಿದ್ದರೆ

ಇಲ್ಲಿಯವರೆಗೆ ಬರೆದದ್ದನ್ನು ಓದಿ ಯಾರಾದರೂ ಇದು ಅನ್ಯಾಯಕ್ಕೆ ಹೊದಿಕೆ ಹಾಕುವ ಬುದ್ಧಿವಾದ ಎಂದುಕೊಂಡರೆ, ಅವರ ಸಂಶಯವನ್ನು ನಾನು ಗೌರವಿಸುತ್ತೇನೆ.

2008ರ ಸೆಪ್ಟೆಂಬರ್ 14, ರವಿವಾರ, ಮಂಗಳೂರಿನಲ್ಲೂ ಕರಾವಳಿಯ ಬೇರೆ ಊರುಗಳಲ್ಲೂ ಚರ್ಚುಗಳ ಮೇಲೆ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಅಂದು ಒಳಗಿದ್ದವರು ಇಂದಿಗೂ ನಮ್ಮ ಸಭೆಗಳಲ್ಲಿ ಇದ್ದಾರೆ. ಮತಾಂತರ ತಡೆಯ ಮಸೂದೆ 2021ರ ಡಿಸೆಂಬರಿನಲ್ಲಿ ವಿಧಾನಸಭೆ ದಾಟಿತು, 2022ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಆಮೇಲೆ ಕಾಯ್ದೆಯಾಗಿ ಬಂತು. ಅದನ್ನು ಹಿಂದಕ್ಕೆ ಪಡೆಯಲು ಹೊಸ ಸರ್ಕಾರದ ಸಂಪುಟ 2023ರ ಜೂನಿನಲ್ಲಿ ತೀರ್ಮಾನಿಸಿತು. ನಡುವಿನ ಆ ತಿಂಗಳುಗಳಲ್ಲಿ ಮನೆಪ್ರಾರ್ಥನೆಗೆ ಹೋಗುವಾಗ ಬೈಬಲನ್ನು ಚೀಲದೊಳಗೆ ಇಟ್ಟುಕೊಂಡು ಹೋದ ತಾಯಂದಿರನ್ನು ನಾನು ಬಲ್ಲೆ. ಅವರಿಗೆ ರಾಜಕೀಯ ಎಂಬುದು ಅಭಿಪ್ರಾಯದ ಮಾತಲ್ಲ.

ಅಂಥವರ ಎದುರು ‘ಪ್ರೀತಿ ಇರಲಿ, ಬಿಟ್ಟುಬಿಡಿ’ ಎನ್ನಬೇಡಿ. ಅವರಿಂದ ಸಮತೋಲನ ಕೇಳಬೇಡಿ, ಎರಡೂ ಕಡೆ ಕೆಟ್ಟವರಿದ್ದಾರೆ ಎಂಬ ಪಾಠ ಹೇಳಬೇಡಿ. ಕೂತು ಪೂರ್ತಿ ಕೇಳಿ. ಕೇಸು ಕೊಡಬೇಕಾದಲ್ಲಿ ಜೊತೆಗೆ ಠಾಣೆಗೆ ಹೋಗಿ, ವಕೀಲರನ್ನು ಹುಡುಕಿ ಕೊಡಿ, ನಡೆದದ್ದನ್ನು ದಿನಾಂಕ ಹಾಕಿ ಬರೆದಿಡಿ. ಇದೂ ಪ್ರೀತಿಯೇ.

ಯೇಸುಸ್ವಾಮಿಯೂ ಕಟುವಾಗಿ ಮಾತಾಡಿದ್ದಾರೆ. ಹೆರೋದನನ್ನು ನರಿ ಎಂದರು. ಹೊರಲಾರದ ಹೊರೆಯನ್ನು ಜನರ ಮೇಲೆ ಹೊರಿಸುವ ಧರ್ಮಬೋಧಕರನ್ನು ಬಿಡಲಿಲ್ಲ. ಆ ಮಾತುಗಳು ಹೋದದ್ದು ಅಧಿಕಾರದಲ್ಲಿದ್ದವರ ಕಡೆಗೆ. ದಾರಿಯಲ್ಲಿ ಸಿಕ್ಕ ಸಾಧಾರಣ ಮನುಷ್ಯರ ಜೊತೆ, ಸಮಾರ್ಯದ ಬಾವಿಯ ಹತ್ತಿರದ ಹೆಂಗಸಿನ ಜೊತೆ, ಅವರ ದನಿ ಬೇರೆ. ನಾವು ಇದನ್ನೇ ಅದಲುಬದಲು ಮಾಡಿದ್ದೇವೆ ಎಂಬುದು ನನ್ನ ದೂರು. ಮಂತ್ರಿ ಎದುರು ಬಂದರೆ ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುತ್ತೇವೆ, ಬಿರುಸಿನ ಮಾತೆಲ್ಲ ಕಾಕಾನಿಗೆ. ಅಧಿಕಾರದಲ್ಲಿರುವವರಿಗೆ ಮನವಿ ಬರೆಯಿರಿ, ಧರಣಿ ಕೂರಿ, ತಪ್ಪನ್ನು ತಪ್ಪೆಂದು ಹೆಸರಿಟ್ಟು ಹೇಳಿ. ಓಣಿಯ ಮನುಷ್ಯನ ಮುಂದೆ ಧ್ವನಿ ಇಳಿಸಿ.

ಗಾಯಗೊಂಡವರಿಗೂ ಒಂದು ಮಾತನ್ನು ಅಂಜುತ್ತಲೇ ಹೇಳಬೇಕು. ಸಮಾರ್ಯದ ಹಳ್ಳಿಯೊಂದು ಯೇಸುವನ್ನು ಸೇರಿಸಿಕೊಳ್ಳದಿದ್ದಾಗ ಯಾಕೋಬ, ಯೋಹಾನರು ಆಕಾಶದಿಂದ ಬೆಂಕಿ ಬೀಳಲಿ ಎನ್ನೋಣವೇ ಎಂದು ಕೇಳಿದರು. ಅವಮಾನ ನಿಜವಾಗಿಯೂ ಆಗಿತ್ತು. ಯೇಸು ಗದರಿಸಿದ್ದು ಹಳ್ಳಿಯನ್ನಲ್ಲ, ಶಿಷ್ಯರನ್ನು. ಆಮೇಲೆ ಅವರು ಬೇರೆ ಹಳ್ಳಿಗೆ ಹೋದರು. ಕಲ್ಲು ತೂರಿದವನ ಮೇಲೆ ಕೇಸು ನಡೆಯಲಿ. ಆದರೆ ಅವನ ಜಾತಿಯವರು, ಅವನ ಧರ್ಮದವರು, ಅವನ ಪಕ್ಷಕ್ಕೆ ಓಟು ಹಾಕಿದವರು ಎಲ್ಲರೂ ಕಲ್ಲು ತೂರಿದವರಲ್ಲ. ಪಕ್ಕದ ಮನೆಯವರ ಹಬ್ಬದ ಹೋಳಿಗೆಯನ್ನು ವಾಪಸು ಕಳಿಸಬೇಡಿ.

ಐದನೆಯದು: ಸಭಾಪಾಲಕರಿಗೆ, ಕಮಿಟಿಯವರಿಗೆ

ಇದು ಚಿಕ್ಕದು. ಕಾನೂನು ಸ್ಪಷ್ಟವಾಗಿದೆ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123ನೇ ಕಲಂ ಪ್ರಕಾರ ಅಭ್ಯರ್ಥಿಯಾಗಲಿ, ಅವನ ಒಪ್ಪಿಗೆಯಿಂದ ಬೇರೆಯವರಾಗಲಿ ಧರ್ಮದ ಹೆಸರಿನಲ್ಲಿ ಓಟು ಕೇಳುವುದು ಭ್ರಷ್ಟ ಆಚರಣೆ. ಅದು ಮತದಾರನ ಧರ್ಮಕ್ಕೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ನಾಲ್ಕು-ಮೂರರ ಬಹುಮತದಿಂದ ಹೇಳಿತು. ರಾಜಕೀಯ ಚಟುವಟಿಕೆಗೆ ಪೂಜಾಸ್ಥಳದ ಆವರಣ ಬಳಸುವುದನ್ನು 1988ರ ಇನ್ನೊಂದು ಕಾಯ್ದೆ ತಡೆಯುತ್ತದೆ. ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಕೇಳುತ್ತಿದ್ದೆ. ಪ್ರಸಂಗವೇದಿಕೆಯಿಂದ ಒಂದು ಪಕ್ಷದ ಹೆಸರು ಬಂದ ದಿನ, ಕೆಳಗೆ ಕೂತ ಕೆಲವರಿಗೆ ಆ ಮನೆ ತಮ್ಮದಲ್ಲ ಅನ್ನಿಸಿಬಿಡುತ್ತದೆ.

ಮಾಡಬಹುದಾದದ್ದು ಬೇಕಾದಷ್ಟಿದೆ. ಮತದಾರರ ಪಟ್ಟಿಯಲ್ಲಿ ಹೆಸರು ಇದೆಯೇ ನೋಡಿಕೊಳ್ಳಿ ಎಂದು ಪ್ರಕಟಣೆ ಮಾಡಿ. ಹೊಸ ಹೆಸರಿಗೆ ನಮೂನೆ 6, ತಿದ್ದುಪಡಿಗೆ ನಮೂನೆ 8, ವಿಚಾರಣೆಗೆ 1950 ಸಹಾಯವಾಣಿ. ವಯಸ್ಸಾದವರನ್ನು ಮತಗಟ್ಟೆಗೆ ಕರೆದೊಯ್ಯಲು ಯುವಜನರಿಗೆ ಹೇಳಿ, ದಾರಿಯಲ್ಲಿ ಪ್ರಚಾರ ಬೇಡವೆಂದೂ ಹೇಳಿ. ಪ್ರಾರ್ಥನೆಯಲ್ಲಿ ಎಲ್ಲ ಅಭ್ಯರ್ಥಿಗಳನ್ನೂ ನೆನೆಯಿರಿ. ಅರಸರಿಗಾಗಿ, ಅಧಿಕಾರದಲ್ಲಿರುವವರೆಲ್ಲರಿಗಾಗಿ ಪ್ರಾರ್ಥಿಸಿ ಎಂದು ತಿಮೊಥೆಯನಿಗೆ ಬರೆದ ಪತ್ರದಲ್ಲಿದೆ, ಆ ಕಾಲದ ಅರಸರನ್ನು ಕ್ರೈಸ್ತರು ಆರಿಸಿರಲಿಲ್ಲ. ‘ಕರ್ತನೇ, ಸರಿಯಾದವರಿಗೆ ಓಟು ಹಾಕುವ ಬುದ್ಧಿ ಕೊಡು’ ಎಂದು ಒಂದು ಕಡೆಗೆ ಕಣ್ಣು ಹೊಡೆಯುವ ಪ್ರಾರ್ಥನೆ ಬೇಡ. ಕೆಳಗಿರುವವರಿಗೆ ಅದು ಅರ್ಥವಾಗುತ್ತದೆ. ದೇವರಿಗೂ.

ಆರನೆಯದು: ತಪ್ಪು ಆಗಿಹೋಗಿದ್ದರೆ

ಬಲಿಪೀಠದ ಎದುರು ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆ ಎಂಬುದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಎಂದು ಯೇಸುಸ್ವಾಮಿ ಹೇಳಿದ್ದಾರೆ. ನಾನು ನಾಲ್ಕು ತಿಂಗಳು ಕಾಣಿಕೆ ಹಾಕುತ್ತಲೇ ಇದ್ದೆ.

ಹೋಗುವಾಗ ಒಬ್ಬರೇ ಹೋಗಿ, ಹಬ್ಬದ ದಿನ, ಮದುವೆಯ ದಿನ ಬೇಡ. ‘ನನ್ನ ಮಾತಿನಿಂದ ನೋವಾಗಿದ್ದರೆ ಕ್ಷಮಿಸಿ’ ಎನ್ನಬೇಡಿ. ಅದರಲ್ಲಿ ತಪ್ಪು ನೊಂದವರದು ಎಂಬಂತಾಗುತ್ತದೆ. ಮಾಡಿದ್ದನ್ನು ಹೆಸರಿಟ್ಟು ಹೇಳಿ. ನಾನು ಹೇಳಿದ್ದು ಇಷ್ಟು: ‘ಕಾಕಾ, ಅವತ್ತು ನಾ ನಿಮ್ಮ ವಿಶ್ವಾಸದ ಮ್ಯಾಲೆ ಮಾತಾಡಿದೆ. ಆ ಹಕ್ಕು ನಂದಲ್ಲ. ನೀವು ಕೈ ಚಾಚಿದಾಗ ಹಿಡೀಲಿಲ್ಲ. ಎರಡೂ ತಪ್ಪು.’ ‘ಆದರೂ ನೀವು ಹಾಕಿದ ಓಟು...’ ಎಂದು ಮುಂದುವರಿಸಲು ನಾಲಿಗೆ ತುದಿಯವರೆಗೆ ಬಂದಿತ್ತು. ಆ ‘ಆದರೂ’ ಎಂಬುದನ್ನು ಅಂದು ನುಂಗಲೇಬೇಕು. ವಾದಕ್ಕೆ ಬೇರೆ ದಿನ ಸಿಗುತ್ತದೆ, ನಮಗೂ ಸಿಕ್ಕಿತು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಚಾ ಕುಡದ ಹೋಗು’ ಅಂದರು. ಸಿಮೆಟ್ರಿಯ ದಾರಿಯ ಕಥೆ ಬಂದದ್ದು ಆ ಚಾದ ಜೊತೆ.

ತಪ್ಪು ಎಲ್ಲಿ ಆಡಿದ್ದೆವೋ ಅಲ್ಲೇ ಹಿಂದಕ್ಕೆ ಪಡೆಯಬೇಕು. ಮನೆಗೆ ಹೋಗಿ ಹೇಳಿದ್ದು ಕಾಕಾನಿಗೆ ಸಾಕಿತ್ತು, ಆದರೆ ಗುಂಪಿನಲ್ಲಿ ನೋಡಿದ ಮೊಮ್ಮಕ್ಕಳಿಗೆ? ಅದೇ ಗುಂಪಿನಲ್ಲಿ ಬರೆದೆ. ಹಳೆಯ ಸಾಲನ್ನು ಅಳಿಸುವ ಕಾಲ ಮೀರಿತ್ತು, ಅದು ಹಾಗೇ ಇದೆ. ಅದರ ಕೆಳಗೆ ಈಗ ಕ್ಷಮೆಯ ಸಾಲೂ ಇದೆ.

ಮುಂದಿನ ಸಲಕ್ಕೆ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಗುಂಪಿನಲ್ಲಿ ಓಟಿನ ಮಾತು ಬೇಡ, ಅವರ ಪಡಸಾಲೆಯಲ್ಲಿ ಎಷ್ಟು ಬೇಕಾದರೂ ಆಗಲಿ. 2024ರ ಮೇ 7ರಂದು ಧಾರವಾಡದಲ್ಲಿ ಲೋಕಸಭೆಗೆ ಮತದಾನ. ಬಿಸಿಲಿಗೆ ಮುಂಚೆ ಹೋಗಿಬರೋಣವೆಂದು ಅವರನ್ನು ನನ್ನ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದೆ. ಹಿಂದಿನ ಸಂಜೆಯೇ ಎರಡು ತಾಸು ವಾದ ಮಾಡಿದ್ದೆವು, ಒಬ್ಬರೂ ಒಂದಿಂಚು ಸರಿದಿರಲಿಲ್ಲ.

ಎದುರಿನವರು ಬಾರದಿದ್ದರೆ

ನಿಮ್ಮಿಂದ ಆಗುವ ಮಟ್ಟಿಗೆ ಎಲ್ಲರ ಸಂಗಡ ಸಮಾಧಾನವಾಗಿರಿ ಎಂದು ಪೌಲನು ರೋಮಾಪುರದವರಿಗೆ ಬರೆದ. ‘ಆಗುವ ಮಟ್ಟಿಗೆ’ ಎಂಬ ಮಾತು ಅಲ್ಲಿ ಸುಮ್ಮನೆ ಬಂದದ್ದಲ್ಲ. ಕೆಲವು ಬಾಗಿಲು ತೆರೆಯುವುದಿಲ್ಲ, ಬಡಿಯುತ್ತಲೇ ಇದ್ದರೆ ಅದೂ ಒಂದು ಬಗೆಯ ಜುಲುಮೆ. ನಮ್ಮ ಸಿ.ಎಸ್.ಐ. ಸಭೆಯೇ ಹುಟ್ಟಲು 28 ವರ್ಷ ಹಿಡಿದಿತ್ತು. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತು ಶುರುವಾಯಿತು, ಬಿಷಪ್ಪರು ಬೇಕೆನ್ನುವವರೂ ಬೇಡವೆನ್ನುವವರೂ ಒಂದೇ ಸಭೆಯಾಗಿ ಕೂತದ್ದು 1947ರ ಸೆಪ್ಟೆಂಬರ್ 27ರಂದು. ಶುರು ಮಾಡಿದವರಲ್ಲಿ ಎಷ್ಟೋ ಮಂದಿ ಅದನ್ನು ನೋಡಲಿಲ್ಲ.

ಅದೇ 2023ರ ಜಗಳದಲ್ಲಿ ನನ್ನ ಸೋದರತ್ತೆಯ ಮಗನೂ ಗುಂಪು ಬಿಟ್ಟು ಹೋದ. ಕ್ಷಮೆ ಕೇಳಲು ಎರಡು ಸಲ ಹೋದೆ, ಮನೆಯಲ್ಲಿದ್ದೂ ಹೊರಗೆ ಬರಲಿಲ್ಲ. ಮೂರನೇ ಸಲ ಹೋಗಲಿಲ್ಲ. ಕ್ರಿಸ್ಮಸ್ಸಿಗೆ ಎಲ್ಲರ ಮನೆಗೂ ಕಳಿಸುವಂತೆ ಅವನ ಮನೆಗೂ ಕರ್ಚಿಕಾಯಿ, ಚಕ್ಕುಲಿ ಕಳಿಸುತ್ತೇನೆ, ಚೀಟಿ ಇಡುವುದಿಲ್ಲ. ಮೊದಲ ವರ್ಷ ಡಬ್ಬಿ ವಾಪಸು ಬರಲಿಲ್ಲ. ಎರಡನೇ ವರ್ಷ ಅವನ ಮಗಳು ತಂದುಕೊಟ್ಟು ಹೋದಳು. ಮುಚ್ಚಳ ತೆಗೆದರೆ ತಳದಲ್ಲಿ ಒಂದು ಹಿಡಿ ಸಕ್ಕರೆ ಇತ್ತು.